ರೆಸಿನ್ ಕುಬ್ಜ ಯೋಧರು: ಜೋಡಣೆ ಮತ್ತು ಬಣ್ಣಗಾರಿಕೆ

ಕುಬ್ಜ ಯೋಧರು, ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆಂದು ರೆಸಿನ್‌ನಲ್ಲಿ ಎರಕ ಹೊಯ್ದ ಅಥವಾ ಮುದ್ರಿಸಿದ ಕಿರುಪ್ರತಿಮೆಗಳಲ್ಲಿ ಒಂದು ಬಗೆ. ಬಿಡಿ ಭಾಗಗಳಾಗಿ ಬರುವ ಇವನ್ನು ಕೊಂಡವರೇ ಅಂಟಿಸಿ ಬಣ್ಣ ಹಚ್ಚಿಕೊಳ್ಳಬೇಕು. ಇಲ್ಲಿ ಕುಬ್ಜ ಎಂದರೆ ಉತ್ತರ ಯುರೋಪಿನ ಪುರಾಣಗಳಿಂದ ಬಂದ ಡ್ವಾರ್ಫ್ ಎಂಬ ಕಲ್ಪಿತ ಕುಲ. ಗಿಡ್ಡ ಮೈ, ಅಗಲ ಭುಜ, ಎದೆ ಮುಚ್ಚುವ ಗಡ್ಡ, ಕೈಯಲ್ಲಿ ಕೊಡಲಿ ಇಲ್ಲವೇ ಸುತ್ತಿಗೆ, ಮೈತುಂಬ ಕವಚ ಕುಬ್ಜನ ಲಕ್ಷಣಗಳು. ಈ ಆಟಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 28 ಮಿ.ಮೀ. ಅಳತೆ. ಅಂಗಾಲಿನಿಂದ ಕಣ್ಣಿನವರೆಗೆ ಮನುಷ್ಯ ಪ್ರತಿಮೆಯೊಂದು ಸುಮಾರು ಅಷ್ಟಿರುತ್ತದೆ, ಕುಬ್ಜ ಅದಕ್ಕಿಂತ ಗಿಡ್ಡ. ಕೆಲಸದ ವಿಧಾನ ಬೇರೆ ರೆಸಿನ್ ಪ್ರತಿಮೆಗಳದ್ದೇ ಆದರೂ, ಎರಕದಿಂದ ಕೊನೆಯ ವಾರ್ನಿಷ್‌ವರೆಗೆ ಎಲ್ಲ ಹಂತದಲ್ಲೂ ಗಡ್ಡ ತನ್ನ ಮಾತು ನಡೆಸಿಕೊಳ್ಳುತ್ತದೆ. ಕುಬ್ಜನ ಕೆಲಸ ಬಲ್ಲವರೆಂದರೆ ಬಹುಮಟ್ಟಿಗೆ ಗಡ್ಡದ ಕೆಲಸ ಬಲ್ಲವರು.

ಪುರಾಣದಿಂದ ಮೇಜಿಗೆ

ನಾರ್ಸ್ ಪುರಾಣದ ಕುಬ್ಜರು ಕಮ್ಮಾರರು. ದೇವತೆಗಳಾದ ಓಡಿನ್‌ನ ಈಟಿ, ಥಾರ್‌ನ ಸುತ್ತಿಗೆ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಹಡಗು ಎಲ್ಲವೂ ಅವರ ಕುಲುಮೆಯವೇ ಎಂದು 13ನೇ ಶತಮಾನದ ಐಸ್‌ಲ್ಯಾಂಡಿನ ವಿದ್ವಾಂಸ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟಿದ್ದಾನೆ. ಥಾರ್‌ನ ಸುತ್ತಿಗೆಯ ಹಿಡಿ ಮೋಟಾಗಲು ಸ್ನೋರಿ ಕೊಡುವ ಕಾರಣವೂ ಸ್ವಾರಸ್ಯವಾಗಿದೆ: ಕಿಡಿಗೇಡಿ ದೇವತೆ ಲೋಕಿ ನೊಣವಾಗಿ ಬಂದು ತಿದಿಯೊತ್ತುತ್ತಿದ್ದ ಕುಬ್ಜನ ಕಣ್ಣರೆಪ್ಪೆ ಕಚ್ಚಿದ, ಒಂದು ಕ್ಷಣ ತಿದಿ ನಿಂತಿತು, ಹಿಡಿ ಕುಗ್ಗಿತು. ಜೆ. ಆರ್. ಆರ್. ಟೋಲ್ಕಿನ್ ‘ದಿ ಹಾಬಿಟ್’ ಕಾದಂಬರಿಯ ಕುಬ್ಜರಿಗೆ ಹೆಸರು ತೆಗೆದುಕೊಂಡದ್ದು ‘ವೊಲುಸ್ಪಾ’ ಎಂಬ ಹಳೆಯ ನಾರ್ಸ್ ಕಾವ್ಯದ ಕುಬ್ಜರ ಪಟ್ಟಿಯಿಂದ. ಗ್ಯಾಂಡಾಲ್ಫ್ ಎಂಬ ಮಾಂತ್ರಿಕನ ಹೆಸರೂ ಅದೇ ಪಟ್ಟಿಯದು. ಕಾದಂಬರಿ ಹೊರಬಂದದ್ದು 1937ರಲ್ಲಿ. ಡಿಸ್ನಿಯ ಸ್ನೋ ವೈಟ್ ಚಿತ್ರದ ಏಳು ಕುಬ್ಜರು ತೆರೆಗೆ ಬಂದದ್ದೂ ಅದೇ ವರ್ಷದ ಕೊನೆಗೆ. ಆಟಗಾರರು ಆರಿಸಿಕೊಂಡದ್ದು ಟೋಲ್ಕಿನ್‌ನ ಮುಂಗೋಪಿ, ಮಾನಧನ, ಹಳೆಯ ಹಗೆ ಮರೆಯದ ಕುಬ್ಜನನ್ನು.

1971ರ ‘ಚೈನ್‌ಮೇಲ್’ ಎಂಬ ಅಮೆರಿಕದ ಮಧ್ಯಯುಗೀನ ಯುದ್ಧದಾಟದ ಪುಸ್ತಕಕ್ಕೆ ಒಂದು ಕಾಲ್ಪನಿಕ ಅನುಬಂಧವಿತ್ತು. ಕುಬ್ಜರು ಅದರೊಳಗೆ ಸೈನಿಕರಾದರು. ಆ ಪುಸ್ತಕದ ಕರ್ತೃಗಳಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಜೊತೆಗೂಡಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದ. ಇಂಗ್ಲೆಂಡಿನಲ್ಲಿ ಸಿಟಡೆಲ್ ಮಿನಿಯೇಚರ್ಸ್ ಸಂಸ್ಥೆಯ ಲೋಹದ ಪ್ರತಿಮೆಗಳನ್ನು ಮುಂದಿಟ್ಟುಕೊಂಡು ಬ್ರಯನ್ ಆ್ಯನ್ಸೆಲ್, ರಿಚರ್ಡ್ ಹ್ಯಾಲಿವೆಲ್, ರಿಕ್ ಪ್ರೀಸ್ಟ್ಲಿ 1983ರಲ್ಲಿ ‘ವಾರ್‌ಹ್ಯಾಮರ್’ ಆಟ ರೂಪಿಸಿದರು. ಇಂದಿನ ಕುಬ್ಜ ಪ್ರತಿಮೆಗಳ ಚಹರೆ ಬಹುಪಾಲು ಈ ಆಟದ ಕೊಡುಗೆ. ತನಗಾದ ಅನ್ಯಾಯಗಳನ್ನೆಲ್ಲ ಬರೆದಿಡುವ ಹಗೆಪುಸ್ತಕ, ಮಾನ ಹೋದ ಮೇಲೆ ಸಾವನ್ನೇ ಹುಡುಕಿಕೊಂಡು ಹೊರಡುವ ಸ್ಲೇಯರ್, ಅವನ ತಲೆಯ ಮೇಲೆ ಹುಂಜದ ಜುಟ್ಟಿನಂತೆ ನಿಂತ ಕಿತ್ತಳೆ ಕೂದಲು ಇವೆಲ್ಲ ಅಲ್ಲಿಂದ ಬಂದವು. ವಾರ್‌ಹ್ಯಾಮರ್ ತಯಾರಿಸುವ ಕಂಪನಿಯ ನಾಟಿಂಗ್‌ಹ್ಯಾಮ್ ಕೇಂದ್ರದ ಪಾನಗೃಹಕ್ಕೂ ಆಟದೊಳಗಿನ ಬಿಯರ್ ತಯಾರಕ ಕುಬ್ಜ ಬಗ್‌ಮನ್‌ನ ಹೆಸರಿದೆ.

ರೆಸಿನ್ ಏಕೆ

ಮೊದಲ ತಲೆಮಾರಿನ ಕುಬ್ಜರು ಸೀಸ ಮತ್ತು ತವರದ ಮಿಶ್ರಲೋಹದವರು. ರಬ್ಬರಿನ ದುಂಡನೆಯ ಅಚ್ಚನ್ನು ಗಿರಗಿರನೆ ತಿರುಗಿಸುತ್ತ, ಕರಗಿದ ಲೋಹವನ್ನು ನಡುವಿನಿಂದ ಹೊಯ್ಯುತ್ತಿದ್ದರು. 1990ರ ದಶಕದಲ್ಲಿ ಸೀಸದ ವಿಷದ ಅಂಜಿಕೆಯಿಂದ ತಯಾರಕರು ಸೀಸವಿಲ್ಲದ ಮಿಶ್ರಲೋಹಕ್ಕೆ ಬಂದರು. ಇನ್ನೊಂದು ದಾರಿ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅದಕ್ಕೆ ಬೇಕಾದ ಲೋಹದ ಅಚ್ಚು ತುಂಬ ದುಬಾರಿ, ಸಾವಿರಗಟ್ಟಲೆ ಪ್ರತಿ ಮಾರಾಟವಾದರೆ ಮಾತ್ರ ಹಾಕಿದ ಹಣ ಹುಟ್ಟುತ್ತದೆ. ಸಣ್ಣ ಕಾರ್ಖಾನೆಗಳಿಗೆ ಒದಗಿದ್ದು ರೆಸಿನ್. ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ಅಚ್ಚಿಗೆ ಹೊಯ್ದರೆ ಪಾಲಿಯುರೆಥೇನ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅಚ್ಚು ಮಾಡಲು ಮೂಲ ಪ್ರತಿಮೆಯನ್ನು ಕಾಯಿಸಬೇಕಿಲ್ಲ, ಒತ್ತಬೇಕಿಲ್ಲ. ಅದರಿಂದ ಕೂದಲೆಳೆಯಷ್ಟು ಸೂಕ್ಷ್ಮ ಗೆರೆಯೂ ಅಚ್ಚಿನಲ್ಲಿ ಉಳಿಯುತ್ತದೆ. ಬೆಲೆ ತೆರಬೇಕಾದದ್ದು ಅಚ್ಚಿನ ಆಯುಸ್ಸಿನಲ್ಲಿ. ಕೆಲವು ಡಜನ್ ಎರಕಗಳಾಗುವಷ್ಟರಲ್ಲಿ ಸಿಲಿಕೋನ್ ಹರಿಯತೊಡಗುತ್ತದೆ, ಅದೂ ಹೆಚ್ಚಾಗಿ ಗಡ್ಡದ ಸುರುಳಿಗಳಂಥ ಒಳಸರಿದ ಜಾಗಗಳಲ್ಲಿ.

ಗಾಳಿಗುಳ್ಳೆ ರೆಸಿನ್‌ನ ಹಳೆಯ ಪೀಡೆ. ಹೊಯ್ಯುವಾಗ ಸಿಕ್ಕಿಕೊಂಡ ಗಾಳಿ ಅಚ್ಚಿನ ಮೂಲೆಗಳಿಗೆ ಸರಿದು ನಿಲ್ಲುತ್ತದೆ. ಕುಬ್ಜನಲ್ಲಿ ಅಂಥ ಮೂಲೆಗಳೆಂದರೆ ಮೂಗಿನ ತುದಿ, ಜಡೆ ಹೆಣೆದ ಗಡ್ಡದ ಕೊನೆ, ಕೊಡಲಿಯ ಅಂಚು. ಗಾಳಿಯ ತೇವವೂ ಒಂದು ಕಾರಣ: ರೆಸಿನ್‌ನ ಒಂದು ಘಟಕವಾದ ಐಸೋಸಯನೇಟ್ ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ನೊರೆಯೇಳುತ್ತದೆ. ಒಳ್ಳೆಯ ಕಾರ್ಖಾನೆಗಳು ಅಚ್ಚಿನ ಸಿಲಿಕೋನ್‌ನಿಂದ ಗಾಳಿಯನ್ನು ನಿರ್ವಾತದಲ್ಲಿ ಹೀರಿ ತೆಗೆದು, ಎರಕವನ್ನು ಒತ್ತಡದ ಪಾತ್ರೆಯೊಳಗಿಟ್ಟು ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುತ್ತವೆ. ಸಿಟಡೆಲ್ 2011ರಲ್ಲಿ ಲೋಹ ಬಿಟ್ಟು ‘ಫೈನ್‌ಕ್ಯಾಸ್ಟ್’ ಎಂಬ ರೆಸಿನ್‌ಗೆ ಹೊರಳಿದಾಗ ಗುಳ್ಳೆಗಳ ಬಗ್ಗೆ ದೊಡ್ಡ ದೂರೇ ಎದ್ದಿತು. ಅದೇ ಉದ್ಯಮ ಸಮೂಹದ ಫೋರ್ಜ್ ವರ್ಲ್ಡ್ ಅಷ್ಟುಹೊತ್ತಿಗೆ ವರ್ಷಗಳಿಂದ ರೆಸಿನ್‌ನಲ್ಲೇ ಕೆಲಸ ಮಾಡುತ್ತಿತ್ತು. ಅದರ ಕೇಯಾಸ್ ಡ್ವಾರ್ಫ್‌ಗಳ ಎತ್ತರದ ಟೊಪ್ಪಿಗೆ, ಸಾಲುಸಾಲು ಸುರುಳಿಯ ಗಡ್ಡ ಅಸ್ಸೀರಿಯದ ಉಬ್ಬುಶಿಲ್ಪಗಳನ್ನು ನೆನಪಿಸುತ್ತವೆ. ಪೋಲೆಂಡಿನ ಸಿಬೋರ್‌ನಂಥ ಚಿಕ್ಕ ಸಂಸ್ಥೆಗಳು ಅಲಂಕಾರ ತುಂಬಿದ ರೆಸಿನ್ ಕುಬ್ಜರಿಂದ ಹೆಸರು ಮಾಡಿದವು.

ರೆಸಿನ್‌ಗೆ ಕುಬ್ಜ ಹೇಳಿ ಮಾಡಿಸಿದ ವಿಷಯ. ಎಲ್ಫ್ ಎಂಬ ಇನ್ನೊಂದು ಕಲ್ಪಿತ ಕುಲದವರ ಸಣಕಲು ಮಣಿಕಟ್ಟು, ಬಳ್ಳಿಯಂಥ ಕಾಲು ಪೆಟ್ಟಿಗೆಯಲ್ಲೇ ಮುರಿದುಹೋಗುತ್ತವೆ. ಕುಬ್ಜನಲ್ಲಿ ಮುರಿಯುವಂಥದ್ದು ಆಯುಧದ ಹಿಡಿಯೊಂದೇ.

ತೊಳೆದು ಹದಗೊಳಿಸುವುದು

ಅಚ್ಚಿನಿಂದ ಎರಕ ಸುಲಭವಾಗಿ ಬಿಡಲೆಂದು ತಯಾರಕರು ಒಳಗೆ ಜಾರುಲೇಪ ಬಳಿದಿರುತ್ತಾರೆ. ಅದರ ಪಸೆ ಪ್ರತಿಮೆಯ ಮೇಲೆ ಉಳಿದರೆ ಬಣ್ಣ ಹಿಡಿಯದೆ ಹಪ್ಪಳಿಕೆಯಾಗಿ ಏಳುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗಡ್ಡದ ಸಂದುಗಳನ್ನು ಚೆನ್ನಾಗಿ ಉಜ್ಜಬೇಕು. ಹೊಸಬರು ಬಿಟ್ಟುಬಿಡುವ ಹಂತ ಇದೇ. ಬಣ್ಣ ಕಿತ್ತುಬಂದಾಗ ಅವರು ಬೈಯುವುದು ಮಾತ್ರ ಬಣ್ಣದ ಡಬ್ಬಿಯನ್ನು.

ಬಳಿಕ ಕತ್ತರಿಸುವ ಕೆಲಸ. ರೆಸಿನ್ ಹರಿದುಬಂದ ದಾರಿಯಲ್ಲಿ ಉಳಿದ ದಪ್ಪ ಕಡ್ಡಿಗಳನ್ನು ಇಕ್ಕಳಕತ್ತರಿಯಿಂದ ಮೈಗೆ ಅಂಟಿದಂತೆ ಕತ್ತರಿಸಿದರೆ ರೆಸಿನ್ ಸೀಳಿ, ತೋಳಿನ ಒಂದು ಚೂರೂ ಜೊತೆಗೆ ಬರುತ್ತದೆ. ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಹೆರೆದು, ಸಣ್ಣ ಅರದಿಂದ ಸವೆಸುವುದು ಸರಿ. ಕಾಲ ಕೆಳಗಿನ ಗಟ್ಟಿಗೆ ತೆಳು ಗರಗಸ ಬೇಕು. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಮೂಡುವ ಗೆರೆಯನ್ನು ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಗೆರೆ ಕವಚದ ಮೇಲೆ ಬಿದ್ದರೆ ತೊಂದರೆಯಿಲ್ಲ. ಗಡ್ಡದ ಮೇಲೆ ಬಿದ್ದರೆ ಕೆರೆದ ಜಾಗದಲ್ಲಿ ಕೂದಲ ಎಳೆಗಳನ್ನು ಚಾಕುವಿನ ಮೊನೆಯಿಂದ ಮತ್ತೆ ಗೀರಬೇಕಾಗುತ್ತದೆ.

ರೆಸಿನ್ ದೂಳು ಶ್ವಾಸಕೋಶಕ್ಕೆ ಕೇಡು. ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ದೂಳು ಹಾರುವುದಿಲ್ಲ. ಒಣಗಿದ್ದಾಗ ಸವೆಸುವವರು ಎನ್-95 ದರ್ಜೆಯ ಮುಸುಕು ತೊಡಬೇಕು. ಊಟದ ಮೇಜಿನ ಮೇಲೆ ಈ ಕೆಲಸ ಸಲ್ಲದು. ಸೊಟ್ಟಗಾದ ಕೊಡಲಿಯ ಹಿಡಿಗೆ ಸುಲಭ ಉಪಾಯವಿದೆ. ಬಿಸಿನೀರಿನಲ್ಲಿ ಅರೆನಿಮಿಷ ಅದ್ದಿದರೆ ಪಾಲಿಯುರೆಥೇನ್ ಮೆತ್ತಗಾಗುತ್ತದೆ, ನೇರ ಮಾಡಿ ತಣ್ಣೀರಿನಲ್ಲಿ ಹಿಡಿದರೆ ಹಾಗೆಯೇ ನಿಲ್ಲುತ್ತದೆ.

ಜೋಡಣೆ

ಪ್ಲಾಸ್ಟಿಕ್ ಮಾದರಿಗಳ ಅಂಟು ಇಲ್ಲಿ ನಡೆಯದು. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ದ್ರಾವಕ, ಪಾಲಿಯುರೆಥೇನ್ ಅದಕ್ಕೆ ಕರಗುವುದಿಲ್ಲ. ಬೇಕಾದದ್ದು ಸಯನೋಆಕ್ರಿಲೇಟ್, ಎಂದರೆ ಸೂಪರ್ ಗ್ಲೂ. ನಮ್ಮ ಕಿರಾಣಿ ಅಂಗಡಿಯ ಫೆವಿಕ್ವಿಕ್ ಇದೇ ಜಾತಿಯದು. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ 1942ರಲ್ಲಿ ಮೊದಲು ಕಂಡ ಈ ವಸ್ತು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಆದ್ದರಿಂದ ಮಂಗಳೂರಿನ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಸುತ್ತಲಿನ ಮೇಲ್ಮೈಗೆ ಬಿಳಿ ಬೂದಿಯಂಥ ಪೊರೆಯನ್ನೂ ಬರಿಸುತ್ತದೆ. ಹೆಚ್ಚು ಸುರಿದಷ್ಟೂ ಬಿಗಿ ಎಂಬ ನಂಬಿಕೆ ತಪ್ಪು, ತೆಳುವಾದ ಹನಿಯೇ ಗಟ್ಟಿ.

ಅಂಟು ಮುಟ್ಟುವ ಮೊದಲು ಎಲ್ಲ ಭಾಗಗಳನ್ನೂ ಬರಿದೇ ಕೂಡಿಸಿ ನೋಡುವುದು ವಾಡಿಕೆ. ಕುಬ್ಜರಲ್ಲಿ ಇದಕ್ಕೆ ಎರಡು ಕಾರಣಗಳಿವೆ. ಒಂದು, ಗಡ್ಡವನ್ನು ಸಾಮಾನ್ಯವಾಗಿ ತಲೆಯ ಜೊತೆಗೇ ಎರಕ ಹೊಯ್ದಿರುತ್ತಾರೆ. ಕೂಡಿಸಿದಾಗ ಅದು ಎದೆಯ ಮೇಲೆ ಕೂರಬೇಕು, ಬಗಲಿಗೆ ಬಂದ ತೋಳಿಗೆ ತಾಗಬಾರದು. ತೋಳು ಮೊದಲೋ ತಲೆ ಮೊದಲೋ ಎಂಬುದು ಪ್ರತಿ ಮಾದರಿಗೂ ಬೇರೆ. ಕತ್ತಿನ ಕೂಡುಜಾಗ ಸ್ವಲ್ಪ ಒರಟಾಗಿದ್ದರೂ ಗಡ್ಡ ಅದನ್ನು ಮರೆಸುತ್ತದೆ, ಅದು ಅದರ ಉಪಕಾರ. ಎರಡನೆಯ ಕಾರಣ ಆಟದ್ದು. ‘ವಾರ್‌ಹ್ಯಾಮರ್: ದಿ ಓಲ್ಡ್ ವರ್ಲ್ಡ್’ನಂಥ ಆಟಗಳಲ್ಲಿ ಪಡೆ ಸಾಲುಗಟ್ಟಿ ನಿಲ್ಲುತ್ತದೆ, ಚೌಕ ಪೀಠಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಕುಬ್ಜರ ಅಗಲ ಭುಜ, ಬೀಸಿದ ಕೊಡಲಿ ಪಕ್ಕದವನ ಕಿವಿಗೆ ಬಡಿದರೆ ಸಾಲು ಕೂರುವುದಿಲ್ಲ. ಹಾಗಾಗಿ ಅನುಭವಿಗಳು ಇಡೀ ತುಕಡಿಯನ್ನು ತಾತ್ಕಾಲಿಕ ಮೇಣದಂಟಿನಿಂದ ನಿಲ್ಲಿಸಿ, ಯಾರು ಯಾವ ಸ್ಥಾನಕ್ಕೆ ಎಂದು ಗುರುತು ಹಾಕಿಕೊಂಡು ಆಮೇಲೆ ಅಂಟಿಸುತ್ತಾರೆ. ಪ್ರತಿಯೊಬ್ಬನನ್ನೂ ತನ್ನಷ್ಟಕ್ಕೆ ಚೆಂದವಾಗಿ ಅಂಟಿಸಿಟ್ಟು ಕೊನೆಗೆ ಸಾಲು ನಿಲ್ಲಿಸಲು ಹೋಗುವುದು ಕೈಗೆ ಬಾರದ ಕೆಲಸ.

ಭಾರ ಬೀಳುವ ಕೂಡುಜಾಗಗಳಿಗೆ ಮೊಳೆ ಕೊಡುತ್ತಾರೆ. ಕೈಯಲ್ಲಿ ತಿರುಗಿಸುವ ಪುಟ್ಟ ಬೈರಿಗೆಯಿಂದ 1 ಮಿ.ಮೀ. ತೂತು ಕೊರೆದು, ಹಿತ್ತಾಳೆ ಕಡ್ಡಿ ಅಥವಾ ಕಾಗದಕ್ಕೆ ಸಿಕ್ಕಿಸುವ ತಂತಿಕ್ಲಿಪ್ಪಿನ ತುಂಡು ಸೇರಿಸಿ ಅಂಟಿಸುವುದು. ಎರಡೂ ಕಡೆಯ ತೂತು ಎದುರುಬದುರಾಗಲು ಒಂದು ಕಡೆ ಬಣ್ಣದ ಚುಕ್ಕೆಯಿಟ್ಟು ಇನ್ನೊಂದು ಭಾಗವನ್ನು ಒತ್ತಿದರೆ ಗುರುತು ಬೀಳುತ್ತದೆ. ಎರಡು ಕೈಯಲ್ಲಿ ಹಿಡಿದ ದೊಡ್ಡ ಕೊಡಲಿಗೂ, ಒಂಟಿಗಾಲಲ್ಲಿ ಬಂಡೆ ತುಳಿದು ನಿಂತ ಸ್ಲೇಯರ್‌ಗೂ ಮೊಳೆ ಬೇಕೇ ಬೇಕು. ಗುರಾಣಿಗೆ ಬೇಡ.

ಬಿರುಕು, ಗುಳ್ಳೆ ತುಂಬಲು ‘ಗ್ರೀನ್ ಸ್ಟಫ್’ ಎಂಬ ಎಪಾಕ್ಸಿ ಪುಟ್ಟಿ ಬಳಕೆಯಲ್ಲಿದೆ. ನೀಲಿ, ಹಳದಿ ಪಟ್ಟಿಗಳನ್ನು ಸಮನಾಗಿ ನಾದಿದರೆ ಹಸಿರಾಗುತ್ತದೆ, ಒಂದೆರಡು ಗಂಟೆ ಕೆಲಸಕ್ಕೆ ಬಗ್ಗುತ್ತದೆ. ಉಪಕರಣಕ್ಕೆ ನೀರು ಹಚ್ಚಿಕೊಳ್ಳದಿದ್ದರೆ ಅದಕ್ಕೇ ಮೆತ್ತಿಕೊಳ್ಳುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕೂಡ ಎಪಾಕ್ಸಿ ಪುಟ್ಟಿಯೇ. ಪೀಠದ ಮೇಲೆ ಬಂಡೆ ಮಾಡಲು ಅದು ಸಾಕು, ಗಡ್ಡದ ಎಳೆ ತಿದ್ದಲು ಒರಟಾಯಿತು.

ತಲೆಯನ್ನು ಅಂಟಿಸಿ ಬಣ್ಣ ಹಚ್ಚಬೇಕೋ ಬಿಡಿಯಾಗಿ ಹಚ್ಚಿ ಅಂಟಿಸಬೇಕೋ ಎಂಬುದರಲ್ಲಿ ಎರಡು ಪಂಥಗಳಿವೆ. ಗಡ್ಡದ ಹಿಂದೆ ಎದೆಕವಚ ಕಾಣುವ ಮಾದರಿಯಲ್ಲಿ ಬಿಡಿಯಾಗಿಯೇ ಹಚ್ಚುವುದು ಲೇಸು. ಕೂಡುವ ಜಾಗದ ಬಣ್ಣವನ್ನು ಮಾತ್ರ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಬಣ್ಣದ ಪೊರೆಯನ್ನು, ರೆಸಿನನ್ನಲ್ಲ. ಆಟಕ್ಕೆಂದೇ ಮೂವತ್ತು ಜನರ ಪಡೆ ಕಟ್ಟುವವರು ಇಷ್ಟು ಪಾಡುಪಡಬೇಕಿಲ್ಲ. ಬ್ರಷ್ ಹೋಗದ ಸಂದು ಆಟದ ಮೇಜಿನ ಆಚೆ ಬದಿಯಿಂದ ಕಾಣುವುದೂ ಇಲ್ಲ.

ಬಣ್ಣ

ಮೊದಲ ಲೇಪ ಪ್ರೈಮರ್. ಸ್ಪ್ರೇ ಡಬ್ಬಿಯನ್ನು 20ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು ಬೀಸುತ್ತ ಸಿಂಪಡಿಸಬೇಕು. ತೀರ ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳು ಮರಳಾಗಿ ಕೂರುತ್ತದೆ, ತೀರ ಹತ್ತಿರವಾದರೆ ಗಡ್ಡದ ಎಳೆಗಳು ಮುಚ್ಚಿಹೋಗುತ್ತವೆ. ತೇವದ ಹವೆಯಲ್ಲಿ ಸ್ಪ್ರೇ ಕೈಕೊಡುವುದರಿಂದ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬ್ರಷ್‌ನಿಂದ ಹಚ್ಚುವ ಪ್ರೈಮರೇ ಸರಿ. ಕಪ್ಪು ಪ್ರೈಮರ್ ಹೊಡೆದು ಮೇಲಿನಿಂದ ಮಾತ್ರ ಬಿಳಿ ಸಿಂಪಡಿಸುವ ಪದ್ಧತಿ ಜನಪ್ರಿಯವಾಗಿದೆ. ನಡುಹಗಲಿನ ಬಿಸಿಲು ಬಿದ್ದಂತೆ ನೆರಳು ಬೆಳಕು ಆಗಲೇ ಮೂಡಿರುತ್ತದೆ.

ಬಳಸುವುದು ನೀರಿನಲ್ಲಿ ಕರಗುವ ಆಕ್ರಿಲಿಕ್ ಬಣ್ಣ: ಸಿಟಡೆಲ್, ಸ್ಪೇನಿನ ವಯೆಹೊ, ಡೆನ್ಮಾರ್ಕಿನ ಆರ್ಮಿ ಪೇಂಟರ್. ಡಬ್ಬಿಯಲ್ಲಿರುವಂತೆಯೇ ಬಳಸದೆ, ತೆಳ್ಳಗೆ ಮಾಡಿ ಎರಡು ಕೋಟು ಹಚ್ಚಬೇಕು. ಬ್ರಷ್‌ಗಳಲ್ಲಿ ಕೋಲಿನ್‌ಸ್ಕಿ ಎಂಬ ಸೈಬೀರಿಯದ ಪ್ರಾಣಿಯ ಬಾಲದ ಕೂದಲಿಗೆ ಹೆಚ್ಚು ಬೆಲೆ. ಹೆಸರಾದ ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7 ಬ್ರಷ್ 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ತಯಾರಾದದ್ದು. ಕುಬ್ಜನಿಗೆ ಬೇಕಾದದ್ದು ತೀರ ಸಣ್ಣ ಬ್ರಷ್ ಅಲ್ಲ, ಮೊನೆ ಚೂಪಾಗಿದ್ದು ಹೊಟ್ಟೆ ತುಂಬಿದ ಬ್ರಷ್. ಸಣ್ಣದರಲ್ಲಿ ಬಣ್ಣ ಮೈ ಮುಟ್ಟುವ ಮೊದಲೇ ಒಣಗುತ್ತದೆ.

ಮುಖದ ಕೆಲಸ ಇಲ್ಲಿ ಕಡಿಮೆ. ಕಾಣುವುದು ಮೂಗು, ಕೆನ್ನೆಯ ಉಬ್ಬು, ಹಣೆಯ ಒಂದು ಪಟ್ಟಿ. ಪೊದೆಹುಬ್ಬಿನ ಕೆಳಗೆ ಕಣ್ಣಿಗೆ ಒಂದು ಕಪ್ಪು ಗೆರೆ ಸಾಕು, ಗುಡ್ಡೆಯ ಬಿಳಿ, ಪಾಪೆ ಬರೆಯಲೇಬೇಕೆಂದಿಲ್ಲ. ಹೊಸಬರಿಗೆ ಕುಬ್ಜರನ್ನು ಶಿಫಾರಸು ಮಾಡಲು ಇದೊಂದೇ ಕಾರಣ ಸಾಲದೆ? ಚರ್ಮದ ಬಣ್ಣದ ಮೇಲೆ ಕೆಂಗಂದು ವಾಶ್ ಹರಿಸಿ, ಮೂಗಿನ ತುದಿಗೆ, ಕೆನ್ನೆಗೆ ಸ್ವಲ್ಪ ಕೆಂಪು ಕೊಟ್ಟರೆ ಚಳಿಗೂ ಬಿಯರಿಗೂ ಒಗ್ಗಿದ ಮುಖ ಸಿದ್ಧ. ವಾಶ್ ಎಂದರೆ ಸಂದುಗಳಿಗೆ ಇಳಿದು ನಿಲ್ಲುವ ನೀರಾದ ಬಣ್ಣ.

ಉಳಿದ ಹೊತ್ತೆಲ್ಲ ಗಡ್ಡಕ್ಕೆ. ಸರಳ ವಿಧಾನ ಮೂರು ಹೆಜ್ಜೆಗಳದು: ಗಾಢ ಬಣ್ಣ, ಅದರ ಮೇಲೆ ವಾಶ್, ಒಣಗಿದ ಮೇಲೆ ತಿಳಿ ಬಣ್ಣದ ಡ್ರೈಬ್ರಷ್. ಬ್ರಷ್‌ನ ಬಣ್ಣವನ್ನು ಬಟ್ಟೆಗೆ ಒರೆಸಿ ಬಹುಪಾಲು ತೆಗೆದು, ಉಳಿದ ಪುಡಿಯಂಥ ಬಣ್ಣವನ್ನು ಎಳೆಗಳಿಗೆ ಅಡ್ಡಲಾಗಿ ಸವರಿದರೆ ಉಬ್ಬಿದ ಎಳೆಗಳು ಮಾತ್ರ ಹೊಳೆಯುತ್ತವೆ. ಇದು ಎಳೆಗಳು ಆಳವಾಗಿರುವ ಗಡ್ಡಕ್ಕೆ ಒಪ್ಪುತ್ತದೆ. ನುಣ್ಣಗೆ ಕೆತ್ತಿದ ಗಡ್ಡಕ್ಕೆ ಗೆರೆಗೆರೆಯಾಗಿ ಬರೆಯಬೇಕು.

ಬಿಳಿ ಗಡ್ಡ ಸುಲಭವೆಂದು ತೋರಿ ಮೋಸಮಾಡುತ್ತದೆ. ನೇರ ಬಿಳಿ ಹಚ್ಚಿದರೆ ಸುಣ್ಣ ಬಳಿದಂತಾಗಿ ಎಳೆಗಳೇ ಕಾಣವು. ತಿಳಿಬೂದಿ ಅಥವಾ ಮಾಸಲು ದಂತದ ಬಣ್ಣದಿಂದ ಆರಂಭಿಸಿ, ಶುದ್ಧ ಬಿಳಿಯನ್ನು ಮೀಸೆಯ ತುದಿ, ಜಡೆಯ ಉಬ್ಬುಗಳಿಗೆ ಮೀಸಲಿಡಬೇಕು. ಕಪ್ಪು ಗಡ್ಡಕ್ಕೆ ನೀಲಿಬೂದಿಯ ಹೊಳಪು ಕೊಟ್ಟರೆ ತಣ್ಣಗೆ, ಕಂದುಬೂದಿ ಕೊಟ್ಟರೆ ಬೆಚ್ಚಗೆ ಕಾಣುತ್ತದೆ. ಸ್ಲೇಯರ್‌ನ ಕಿತ್ತಳೆಗೆ ಕಪ್ಪು ಪ್ರೈಮರ್ ಶತ್ರು. ಹಳದಿ, ಕಿತ್ತಳೆ ಬಣ್ಣಗಳಿಗೆ ತಳವನ್ನು ಮುಚ್ಚುವ ಶಕ್ತಿ ಕಡಿಮೆ, ಎಷ್ಟು ಕೋಟು ಹಚ್ಚಿದರೂ ಕೊಳಕಾಗಿಯೇ ಉಳಿಯುತ್ತವೆ. ಕಂದು ಅಥವಾ ಕಾವಿಮಣ್ಣಿನ ಬಣ್ಣದ ತಳ ಹಾಕಿದರೆ ಒಂದೆರಡು ಕೋಟಿನಲ್ಲೇ ಉರಿಯುತ್ತವೆ. 2019ರಲ್ಲಿ ಸಿಟಡೆಲ್ ತಂದ ‘ಕಾಂಟ್ರಾಸ್ಟ್’ ಬಣ್ಣಗಳು ತಿಳಿ ತಳದ ಮೇಲೆ ಒಂದೇ ಕೋಟಿನಲ್ಲಿ ನೆರಳು ಬೆಳಕು ಎರಡನ್ನೂ ತೋರಿಸುತ್ತವೆ. ಗಡ್ಡಕ್ಕೆ ಇವು ಬಹಳ ಚೆನ್ನ, ಚಪ್ಪಟೆ ಕವಚದ ಮೇಲೆ ಕಲೆಗಟ್ಟುತ್ತವೆ.

ಕವಚಕ್ಕೆ ಲೋಹಬಣ್ಣ, ಕಪ್ಪು ವಾಶ್, ಅಂಚಿಗೆ ಬೆಳ್ಳಿಗೆರೆ. ಚಿನ್ನಕ್ಕೆ ಕಂದು ತಳ, ಕಂದು ವಾಶ್, ಕೊನೆಗೆ ಬೆಳ್ಳಿ ಬೆರೆಸಿದ ಚಿನ್ನ. ಲೋಹಬಣ್ಣದಲ್ಲಿ ಹೊಳೆಯುವ ಸಣ್ಣ ಚಕ್ಕೆಗಳಿರುವುದರಿಂದ ಬ್ರಷ್ ತೊಳೆಯುವ ನೀರು ಬೇರೆಯೇ ಇರಬೇಕು. ಇಲ್ಲವಾದರೆ ಮುಂದಿನ ಗಡ್ಡದಲ್ಲೂ ಮಿಂಚು ಕಾಣಿಸುತ್ತದೆ. ಸ್ಪರ್ಧೆಗಿಳಿಯುವವರು ಲೋಹಬಣ್ಣವನ್ನೇ ಮುಟ್ಟದೆ ಕಂದು, ಕಾವಿ, ದಂತವರ್ಣಗಳಿಂದ ಚಿನ್ನದ ಭ್ರಮೆ ಹುಟ್ಟಿಸುತ್ತಾರೆ. 1987ರಲ್ಲಿ ಆರಂಭವಾದ ‘ಗೋಲ್ಡನ್ ಡೀಮನ್’ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮೇಲಿನವರಿಗೆ ಸಿಗುವ ಸ್ಲೇಯರ್ ಸ್ವೋರ್ಡ್ ನಿಜವಾದ ಖಡ್ಗವೇ.

ಮುದ್ರಿತ ಕುಬ್ಜರು

ಕಳೆದ ದಶಕದಲ್ಲಿ ಮನೆಯ ಮೇಜಿನ ಮೇಲೆ ಕೂರುವ ರೆಸಿನ್ ಮುದ್ರಣಯಂತ್ರ ಅಗ್ಗವಾಯಿತು. ಇದರ ಮೂಲ ತತ್ತ್ವಕ್ಕೆ ಅಮೆರಿಕದ ಚಕ್ ಹಲ್ 1986ರಲ್ಲಿ ಪೇಟೆಂಟ್ ಪಡೆದಿದ್ದ. ತೊಟ್ಟಿಯ ದ್ರವದ ಮೇಲೆ 405 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿದ್ದು ಪದರಪದರವಾಗಿ ಗಟ್ಟಿಯಾಗುತ್ತದೆ, ಪದರವೊಂದು ಸಾಮಾನ್ಯವಾಗಿ 0.05 ಮಿ.ಮೀ. ಶಿಲ್ಪಿಗಳು ಈಗ ಪ್ರತಿಮೆಯ ಬದಲು ಅದನ್ನು ಮುದ್ರಿಸುವ ಕಂಪ್ಯೂಟರ್ ಕಡತ ಮಾರುತ್ತಾರೆ. ಅಚ್ಚು ಹರಿಯುವ ಚಿಂತೆ, ಹಡಗಿನ ಬಾಡಿಗೆ, ಸುಂಕ ಯಾವುದೂ ಇಲ್ಲದ್ದರಿಂದ ಬೆಂಗಳೂರಿನಲ್ಲಿ ಕುಳಿತ ಹವ್ಯಾಸಿಗೆ ಇದು ನಿಜವಾದ ಬಿಡುಗಡೆ.

ಹೆಸರು ರೆಸಿನ್ ಎಂದೇ ಇದ್ದರೂ ಇದರ ಗುಣ ಬೇರೆ. ಗಟ್ಟಿಯಾಗದ ದ್ರವ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಬಿಡುವುದು ಕಷ್ಟ. ನೈಟ್ರೈಲ್ ಕೈಗವಸು, ಗಾಳಿಯಾಡುವ ಕೋಣೆ ಕಡ್ಡಾಯ. ಮುದ್ರಣವಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಆಸರೆಕಡ್ಡಿಗಳನ್ನು ಬಿಡಿಸಿ, ಅತಿನೇರಳೆ ಬೆಳಕಿನಲ್ಲಿ ಹದಗೊಳಿಸಬೇಕು. ತೊಳೆದ ದ್ರವವನ್ನು ಚರಂಡಿಗೆ ಚೆಲ್ಲುವಂತಿಲ್ಲ. ಒಳಗೆ ಪೊಳ್ಳು ಬಿಟ್ಟು ಮುದ್ರಿಸಿದ ದೊಡ್ಡ ಪ್ರತಿಮೆಗೆ ಬಸಿಯುವ ತೂತು ಇಡದಿದ್ದರೆ ಒಳಗುಳಿದ ಹಸಿ ರೆಸಿನ್ ತಿಂಗಳುಗಳಾದ ಮೇಲೆ ಮೈ ಸೀಳಿಕೊಂಡು ಹೊರಬರುವುದುಂಟು. ಕಡ್ಡಿ ಬಿಡಿಸಿದಲ್ಲಿ ಉಳಿಯುವ ಚುಕ್ಕೆಕಲೆಗಳು ಗಡ್ಡದ ಮೇಲಲ್ಲದೆ ಬೆನ್ನಿನ ಬದಿಯಲ್ಲಿ ಬೀಳುವಂತೆ ಪ್ರತಿಮೆಯನ್ನು ಹಿಂದಕ್ಕೆ ಓರೆ ಮಾಡಿ ಮುದ್ರಿಸುತ್ತಾರೆ.

ವಾರ್ನಿಷ್, ಮತ್ತು ಮರುಬಣ್ಣ

ಆಟದಲ್ಲಿ ಬೆರಳು ತಾಗುವುದು ಕೊಡಲಿಯ ತುದಿಗೆ, ಶಿರಸ್ತ್ರಾಣದ ಮೇಲ್ಭಾಗಕ್ಕೆ. ಅಲ್ಲಿಂದಲೇ ಬಣ್ಣ ಹೋಗತೊಡಗುತ್ತದೆ. ಗಟ್ಟಿಮುಟ್ಟಾದ ಹೊಳಪು ವಾರ್ನಿಷ್ ಒಂದು ಕೋಟು ಹಚ್ಚಿ, ಅದರ ಮೇಲೆ ಹೊಳಪಿಲ್ಲದ್ದನ್ನು ಹಚ್ಚುವುದು ಹಳೆಯ ಕ್ರಮ. ಹೊಳಪಿಲ್ಲದ ವಾರ್ನಿಷ್ ಗಡ್ಡಕ್ಕೆ ಜೀವ ಕೊಡುತ್ತದೆ, ಕವಚವನ್ನು ಸತ್ತಂತೆ ಮಾಡುತ್ತದೆ. ಆದ್ದರಿಂದ ಲೋಹದ ಅಂಚುಗಳನ್ನು ವಾರ್ನಿಷ್ ಆದ ಮೇಲೆ ಇನ್ನೊಮ್ಮೆ ತಿದ್ದುತ್ತಾರೆ.

ಕೆಟ್ಟ ಬಣ್ಣವನ್ನು ತೆಗೆದು ಮತ್ತೆ ಹಚ್ಚುವುದೂ ಈ ಹವ್ಯಾಸದ ಭಾಗವೇ. ಲೋಹದ ಕುಬ್ಜನಾದರೆ ಯಾವ ದ್ರಾವಕಕ್ಕೂ ಜಗ್ಗುವುದಿಲ್ಲ. ರೆಸಿನ್‌ಗೆ ಅಸಿಟೋನ್ ಅಪಾಯ. ಬ್ರಿಟನ್ನಿನ ಹವ್ಯಾಸಿಗಳು ಗಾಯಕ್ಕೆ ಹಚ್ಚುವ ಡೆಟಾಲನ್ನೇ ಇದಕ್ಕೆ ಬಳಸುತ್ತ ಬಂದಿದ್ದಾರೆ. ನೆನೆಹಾಕಿ ತೆಗೆದದ್ದನ್ನು ನೇರವಾಗಿ ನೀರಿನಲ್ಲಿ ತೊಳೆಯಬಾರದು, ಕರಗಿದ ಬಣ್ಣ ಗೋಂದಿನಂತಾಗಿ ಗಡ್ಡದ ಸಂದುಗಳಲ್ಲಿ ಕಚ್ಚಿಕೊಳ್ಳುತ್ತದೆ. ಮೊದಲು ಹೊಸ ಡೆಟಾಲ್‌ನಲ್ಲೇ ಉಜ್ಜಿ ಬಣ್ಣ ಪೂರ್ತಿ ಬಿಟ್ಟ ಮೇಲೆ ಸೋಪುನೀರು. ಐಸೋಪ್ರೊಪೈಲ್ ಆಲ್ಕೋಹಾಲ್ ಕೂಡ ಆಗುತ್ತದೆ, ಆದರೆ ಕೆಲವು ರೆಸಿನ್‌ಗಳು ಅದರಲ್ಲಿ ಬಹಳ ಹೊತ್ತು ನೆನೆದರೆ ಮೆತ್ತಗಾಗುವುದರಿಂದ, ಗುಳ್ಳೆ ತುಂಬಿದ ಹಳೆಯ ಕಾಲು ಅಥವಾ ಮುರಿದ ಹಿಡಿಯೊಂದನ್ನು ಮೊದಲು ಅದ್ದಿ ನೋಡುವುದು ಕ್ಷೇಮ.